ಸುಕ್ರಜ್ಜಿಗೆ ಸಲ್ಲಬೇಕಾದ ಗೌರವ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣ)



ಈ ವರ್ಷದಿಂದ ನಿಮ್ಮ ಒಕ್ಕೂಟದ ವತಿಯಿಂದ ಒಬ್ಬ ಹಿರಿಯ ಹೆಣ್ಣುಮಗಳಿಗೆ ಸನ್ಮಾನ ಮಾಡಬೇಕೆಂದು ತೀರ್ಮಾನಿಸಿದ್ದೀರಿ. ಯಾರಿಗೆ, ಹೇಗೆ ಎಂಬ ಚರ್ಚೆಗೆ ಮೊದಲು ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದೀರಿ. ಸಂತೋಷ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಶಾಲು, ಹಾರ, ಹಣ್ಣಿನ ಬುಟ್ಟಿ, ಫಲಕ, ಫೋಟೋ ಇವೆಲ್ಲ ಇರುವ ಸಮಾರಂಭಗಳನ್ನು ಬೇಕಾದಷ್ಟು ನೋಡಿದ್ದೇನೆ. ಕೆಲವಕ್ಕೆ ನಾನೇ ನಿರೂಪಣೆ ಮಾಡಿದ್ದೇನೆ. ಆದ್ದರಿಂದ ಸನ್ಮಾನ ಬೇಡ ಎಂದು ಹೇಳಲು ನಾನು ಬಂದಿಲ್ಲ. ಒಬ್ಬ ಹೋರಾಟಗಾರ್ತಿಗೆ ಸನ್ಮಾನ ಮಾಡುವಾಗ ಆಕೆಯ ಯಾವ ಗುಣವನ್ನು ಮೆಚ್ಚಿಕೊಳ್ಳುತ್ತೇವೆ, ಆಕೆಯ ಯಾವ ಮಾತನ್ನು ಕೇಳಿಸಿಕೊಳ್ಳದೆ ಬಿಟ್ಟುಬಿಡುತ್ತೇವೆ, ಇದನ್ನು ಯೋಚಿಸೋಣ ಎಂದು ಬಂದಿದ್ದೇನೆ. ಇದಕ್ಕೆ ಅಂಕೋಲಾದ ಸುಕ್ರಿ ಬೊಮ್ಮಗೌಡರ ಬದುಕಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ಸುಕ್ರಜ್ಜಿಯ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಉತ್ತರ ಕನ್ನಡ ಜಿಲ್ಲೆ ಅಂಕೋಲಾ ತಾಲ್ಲೂಕಿನ ಬಡಗೇರಿಯವರು. ಹಾಲಕ್ಕಿ ಒಕ್ಕಲಿಗ ಬುಡಕಟ್ಟಿನವರು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆ, ಘಟ್ಟದ ಬುಡದಿಂದ ಕಡಲಿನವರೆಗೆ ಈ ಜನ ಹರಡಿಕೊಂಡಿದ್ದಾರೆ. ಕೊರಳ ತುಂಬ ಮಣಿಸರ ಹಾಕಿಕೊಂಡು, ತಲೆಯ ಮೇಲೆ ತರಕಾರಿ ಬುಟ್ಟಿ ಹೊತ್ತು ಸಂತೆಗೆ ಬರುವ ಹೆಂಗಸರನ್ನು ಆ ಕಡೆ ಹೋದವರೆಲ್ಲ ನೋಡಿರುತ್ತಾರೆ. ಗದ್ದೆ ಕೆಲಸ, ಕೂಲಿ, ಸೊಪ್ಪು ತರಕಾರಿ, ಸೌದೆ, ಇದು ಅವರ ಬದುಕು. ಸುಕ್ರಜ್ಜಿ ಶಾಲೆಗೆ ಹೋಗಿ ಅಕ್ಷರ ಕಲಿತವರಲ್ಲ. ಮನೆಯ ಹಿರಿಯ ಹೆಂಗಸರ ಬಾಯಿಂದ ಹಾಡು ಕಲಿತರು. ಗದ್ದೆಯಲ್ಲಿ, ಮದುವೆಯಲ್ಲಿ, ಹಬ್ಬದಲ್ಲಿ ಹಾಡುತ್ತ ಹಾಡುತ್ತ ನೂರಾರು ಹಾಡುಗಳು ಅವರ ನೆನಪಿನಲ್ಲಿ ಉಳಿದವು. ಆಕಾಶವಾಣಿಯವರು, ಜಾನಪದ ವಿದ್ವಾಂಸರು ಬಂದು ಧ್ವನಿಮುದ್ರಿಸಿಕೊಂಡರು. ಪತ್ರಿಕೆಯವರು ಹಾಲಕ್ಕಿ ಕೋಗಿಲೆ ಎಂದು ಕರೆದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. 2017ರಲ್ಲಿ ಕೇಂದ್ರ ಸರ್ಕಾರ ಪದ್ಮಶ್ರೀ ಕೊಟ್ಟಿತು. 2025ರ ಫೆಬ್ರವರಿ 13ರಂದು ಅವರು ತೀರಿಕೊಂಡರು. ಆಗ ಎಂಬತ್ತೈದು ದಾಟಿತ್ತು.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಇನ್ನೊಂದು ಸಂಗತಿ ಇದೆ, ನಮ್ಮಂಥ ಸಂಘಗಳಿಗೆ ಬೇಕಾದದ್ದು ಅದು. ಸುಕ್ರಜ್ಜಿಯ ಸಂಸಾರದೊಳಕ್ಕೇ ಕುಡಿತ ಸಾವನ್ನು ತಂದಿತ್ತು. ತಾವು ಸಾಕಿಕೊಂಡ ಮಗನನ್ನೂ ಅವರು ಕುಡಿತಕ್ಕೆ ಕಳೆದುಕೊಂಡರು. ಹೀಗೆ ಸಂಕಟಪಟ್ಟ ಹೆಂಗಸು ಮನೆಯ ಮೂಲೆ ಹಿಡಿದು ಕೂರಬಹುದಿತ್ತು. ಅವರು ಕೂರಲಿಲ್ಲ. 1990ರ ದಶಕದಲ್ಲಿ ತಮ್ಮ ಸುತ್ತಮುತ್ತಲ ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿ ವಿರುದ್ಧ ಹೋರಾಟಕ್ಕೆ ನಿಂತರು. ಅದೇ ಕಾಲಕ್ಕೆ, 1992ರಲ್ಲಿ, ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಸಾಕ್ಷರತಾ ತರಗತಿಗೆ ಬಂದ ಕೂಲಿ ಹೆಂಗಸರು ಸಾರಾಯಿ ವಿರುದ್ಧ ಎದ್ದು ನಿಂತದ್ದು ಇಡೀ ದೇಶಕ್ಕೆ ಸುದ್ದಿಯಾಗಿತ್ತು. 1993ರಲ್ಲಿ ಆಂಧ್ರ ಸರ್ಕಾರ ಸಾರಾಯಿ ನಿಲ್ಲಿಸಬೇಕಾಯಿತು. ಬೇರೆ ಬೇರೆ ಊರಿನಲ್ಲಿ, ಒಬ್ಬರ ಪರಿಚಯ ಇನ್ನೊಬ್ಬರಿಗೆ ಇಲ್ಲದೆ, ಓದು ಬಾರದ ಹೆಂಗಸರು ಒಂದೇ ತೀರ್ಮಾನಕ್ಕೆ ಬಂದಿದ್ದರು. ದುಡಿದ ಕೂಲಿ ಸಂಜೆಯೊಳಗೆ ಅಂಗಡಿ ಸೇರುತ್ತದೆ, ರಾತ್ರಿ ಏಟಾಗಿ ಮನೆಗೆ ಬರುತ್ತದೆ ಎಂಬುದನ್ನು ಅವರಿಗೆ ಯಾರೂ ಪುಸ್ತಕ ಓದಿಸಿ ಕಲಿಸಬೇಕಾಗಿರಲಿಲ್ಲ.

ಈಗ ಪದ್ಮ ಪ್ರಶಸ್ತಿಯ ವಿಷಯಕ್ಕೆ ಬರೋಣ. ಪ್ರತಿ ಹೆಸರಿನ ಮುಂದೆ ಯಾವ ಕ್ಷೇತ್ರ ಎಂದು ಬರೆದಿರುತ್ತಾರೆ. ವೈದ್ಯರಿಗೆ ವೈದ್ಯಕೀಯ, ಲೇಖಕರಿಗೆ ಸಾಹಿತ್ಯ, ಸೇವೆ ಮಾಡಿದವರಿಗೆ ಸಮಾಜಸೇವೆ. ಸುಕ್ರಿ ಬೊಮ್ಮಗೌಡರ ಹೆಸರಿನ ಮುಂದೆ ಇದ್ದದ್ದು ಕಲೆ, ಜಾನಪದ ಸಂಗೀತ. ತಪ್ಪೇನಿಲ್ಲ, ಅವರು ದೊಡ್ಡ ಕಲಾವಿದೆ. ಆದರೆ ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿ ಅಂಗಡಿಗೆ ಎದುರು ನಿಂತ ಸುಕ್ರಜ್ಜಿ ಆ ಕಲಮಿನಲ್ಲಿ ಇಲ್ಲ. ಅವರ ಕಂಠಕ್ಕೆ ಪ್ರಶಸ್ತಿ ಬಂತು. ಅದೇ ಕಂಠ ಕುಡಿತದ ಬಗ್ಗೆ ಹೇಳಿದ ಮಾತಿಗೆ ಏನು ಬಂತು?

ಯಾಕೆ ಹೀಗಾಗುತ್ತದೆ ಎಂದು ಕೇಳಿಕೊಳ್ಳಬೇಕು. ಹಾಡಿಗೆ ಗೌರವ ಕೊಟ್ಟರೆ ಸರ್ಕಾರಕ್ಕೆ ಒಂದು ಪದಕದ ಖರ್ಚು. ಅಂಗಡಿ ಮುಚ್ಚಿ ಎಂಬ ಮಾತಿಗೆ ಗೌರವ ಕೊಟ್ಟರೆ ಅಬಕಾರಿ ಆದಾಯಕ್ಕೆ ಕೈ ಹಾಕಬೇಕು. ಮದ್ಯಪಾನ ನಿಷೇಧದ ಕಡೆಗೆ ಸರ್ಕಾರ ಪ್ರಯತ್ನಿಸಬೇಕು ಎಂದು ನಮ್ಮ ಸಂವಿಧಾನದ 47ನೇ ವಿಧಿ ಹೇಳುತ್ತದೆ. ಆದರೆ ಅದೇ ಸರ್ಕಾರದ ಬೊಕ್ಕಸ ಮದ್ಯದ ತೆರಿಗೆಯಿಂದ ತುಂಬುತ್ತದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದು ಹೆಂಗಸರು ವರ್ಷಗಟ್ಟಲೆ ಕೂಗಿದ್ದಕ್ಕೆ ಸಿಕ್ಕ ಜಯ, ಅದನ್ನು ಕಡಿಮೆ ಮಾಡಿ ಹೇಳಬಾರದು. ಆದರೆ ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ ಪ್ಯಾಕೆಟ್ಟುಗಳು ಬಂದವು. ಗೂಡಂಗಡಿಯಲ್ಲಿ, ಕಿರಾಣಿ ಅಂಗಡಿಯ ಹಿಂಬದಿಯಲ್ಲಿ ಲೈಸೆನ್ಸ್ ಇಲ್ಲದೆ ಮಾರುವುದು ನಿಮಗೆಲ್ಲ ಗೊತ್ತಿದೆ. ಪೊಲೀಸರಿಗೆ ಗೊತ್ತಿಲ್ಲವೇ?

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಕುಡಿತವೇ ಹೊಡೆತಕ್ಕೆ ಕಾರಣ, ಕುಡಿತ ನಿಂತರೆ ಎಲ್ಲ ಸರಿಹೋಗುತ್ತದೆ ಎಂದು ನಾವು ನಂಬಿಬಿಡುತ್ತೇವೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ. ಗಂಡ ಪದೇ ಪದೇ ಅಮಲೇರುವಷ್ಟು ಕುಡಿಯುತ್ತಾನೆ ಎಂದ ಹೆಂಗಸರಲ್ಲಿ ನೂರಕ್ಕೆ 70 ಮಂದಿ ಗಂಡನಿಂದ ಹೊಡೆತವನ್ನೋ ಲೈಂಗಿಕ ಹಿಂಸೆಯನ್ನೋ ಅನುಭವಿಸಿದ್ದಾರೆ. ಗಂಡ ಕುಡಿಯುವುದೇ ಇಲ್ಲ ಎಂದವರಲ್ಲಿ ನೂರಕ್ಕೆ 23 ಮಂದಿ ಅನುಭವಿಸಿದ್ದಾರೆ. ಮೊದಲನೆಯ ಸಂಖ್ಯೆ ಸುಕ್ರಜ್ಜಿಯ ಹೋರಾಟ ಎಷ್ಟು ಸರಿ ಎಂದು ಹೇಳುತ್ತದೆ. ಎರಡನೆಯ ಸಂಖ್ಯೆ ನಮ್ಮ ಕೆಲಸ ಅಂಗಡಿ ಮುಚ್ಚಿಸುವಲ್ಲಿಗೆ ಮುಗಿಯುವುದಿಲ್ಲ ಎಂದು ಹೇಳುತ್ತದೆ. ಹನಿ ಮುಟ್ಟದ ಗಂಡಸೂ ಹೆಂಡತಿಯ ಮೇಲೆ ಕೈ ಎತ್ತುತ್ತಾನೆ. ಹೆಂಡತಿ ತನ್ನ ಸ್ವತ್ತು, ಬಡಿದು ಬುದ್ಧಿ ಕಲಿಸಬಹುದು ಎಂಬ ಭಾವನೆಗೆ ಬಾಟಲಿ ಬೇಕಾಗಿಲ್ಲ.

ಕೆಲವು ವರ್ಷಗಳ ಹಿಂದೆ ಪಕ್ಕದ ಬೀದಿಯ ಹೆಣ್ಣುಮಗಳೊಬ್ಬಳನ್ನು ನಾನು ಠಾಣೆಗೆ ಕರೆದುಕೊಂಡು ಹೋಗಿದ್ದೆ. ಹುಬ್ಬಿನ ಮೇಲೆ ಗಾಯವಾಗಿ ರಕ್ತ ಇನ್ನೂ ಒಣಗಿರಲಿಲ್ಲ. ಅಲ್ಲಿದ್ದವರು ನನಗೆ ಹೇಳಿದರು: "ಮೇಡಂ, ಅವನು ಕುಡಿದಿದ್ದ. ಇಳಿದ ಮೇಲೆ ಸರಿಯಾಗ್ತಾನೆ. ಮನೆಗೆ ಕರಕೊಂಡು ಹೋಗಿ." ಆ ಹೆಣ್ಣುಮಗಳೂ ಅದಕ್ಕೆ ತಲೆಯಾಡಿಸಿದಳು, "ಕುಡೀದಿದ್ರೆ ದೇವರಂಥ ಮನುಷ್ಯ" ಅಂದಳು. ಇದನ್ನು ನೀವು ಎಲ್ಲ ಊರಲ್ಲೂ ಕೇಳುತ್ತೀರಿ. ಆದ್ದರಿಂದ ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ತನಗೆ ಗೊತ್ತಿಲ್ಲದಂತೆಯೋ ತನ್ನ ಇಷ್ಟಕ್ಕೆ ವಿರುದ್ಧವಾಗಿಯೋ ಕುಡಿಸಲ್ಪಟ್ಟವನಿಗೆ ಮಾತ್ರ ಕಾನೂನು ಕುಡಿತದ ವಿನಾಯಿತಿ ಕೊಡುತ್ತದೆ. ತಾನಾಗಿ ದುಡ್ಡು ಕೊಟ್ಟು ಕುಡಿದು ಹೊಡೆದವನಿಗೆ ಆ ನೆಪ ಇಲ್ಲ.

ಸುಕ್ರಜ್ಜಿ ಕೇಳುತ್ತ ಬಂದ ಇನ್ನೊಂದು ವಿಷಯ ಇತ್ತು. ತಮ್ಮ ಹಾಲಕ್ಕಿ ಜನರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಬೇಕು ಎಂಬುದು. ಊರಿನವರೆಲ್ಲ ಇವರನ್ನು ಬುಡಕಟ್ಟು ಎನ್ನುತ್ತಾರೆ, ವಿದ್ವಾಂಸರ ಪುಸ್ತಕಗಳು ಬುಡಕಟ್ಟು ಎನ್ನುತ್ತವೆ. ಸರ್ಕಾರಿ ಮೆರವಣಿಗೆಗಳಲ್ಲಿ ಬುಡಕಟ್ಟು ಕಲೆ ಎಂದು ಇವರ ಕುಣಿತವನ್ನು ಮುಂದೆ ನಿಲ್ಲಿಸುತ್ತಾರೆ. ಆದರೆ ಪಟ್ಟಿಯಲ್ಲಿ ಹೆಸರಿಲ್ಲ. ಸಂವಿಧಾನದ 342ನೇ ವಿಧಿಯ ಪ್ರಕಾರ ಆ ಪಟ್ಟಿಗೆ ಹೊಸ ಹೆಸರು ಸೇರಬೇಕಾದರೆ ಸಂಸತ್ತು ಕಾನೂನು ಮಾಡಬೇಕು. ಸುಕ್ರಜ್ಜಿ ಕಣ್ಣು ಮುಚ್ಚಿದಾಗಲೂ ಈ ಬೇಡಿಕೆ ಈಡೇರಿರಲಿಲ್ಲ.

ಇದು ಬರೀ ಹೆಸರಿನ ಪ್ರಶ್ನೆ ಎಂದು ತಿಳಿಯಬೇಡಿ. ಓದು, ನೌಕರಿಯ ಮೀಸಲಾತಿ ಇದರಲ್ಲಿದೆ. ಅದಕ್ಕಿಂತ ಹೆಚ್ಚಾಗಿ ನೆಲದ ಪ್ರಶ್ನೆ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಆ ಅರಣ್ಯ ಭೂಮಿಯಲ್ಲಿ ಇದ್ದರು ಎಂದು ತೋರಿಸಿದರೆ ಹಕ್ಕು ಕೇಳಬಹುದು. ಪಟ್ಟಿಯಲ್ಲಿಲ್ಲದವರು, ಕಾಯ್ದೆಯ ಮಾತಿನಲ್ಲಿ ಇತರ ಪಾರಂಪರಿಕ ಅರಣ್ಯವಾಸಿಗಳು, ಆ ದಿನಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ವಾಸವಾಗಿದ್ದಕ್ಕೆ ಸಾಕ್ಷ್ಯ ಕೊಡಬೇಕು. ಓದು ಬಾರದ ಕೂಲಿಯವರ ಮನೆಯಲ್ಲಿ 75 ವರ್ಷದ ಕಾಗದ ಎಲ್ಲಿರುತ್ತದೆ? ಗೆದ್ದಲು ತಿನ್ನದೆ ಉಳಿದಿರುವುದು ಅಜ್ಜಿಯ ಹಾಡು ಮಾತ್ರ. ಆ ಹಾಡಿಗೆ ದಿಲ್ಲಿಯಲ್ಲಿ ಪ್ರಶಸ್ತಿ ಕೊಡುತ್ತಾರೆ. ಹಾಡಿದವರ ಜನಕ್ಕೆ ಕಾಗದ ತನ್ನಿ ಎನ್ನುತ್ತಾರೆ.

ಅದೇ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನೂ ಇಲ್ಲಿ ನೆನೆಯಬೇಕು. ಅವರೂ ಹಾಲಕ್ಕಿಯವರೇ. ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ಬೀಜ ಹಾಕಿ, ಸಸಿ ಬೆಳೆಸಿ ಜೀವನ ಸವೆಸಿದರು. ಯಾವ ಮರದ ಬೀಜವನ್ನು ಯಾವಾಗ ಆಯಬೇಕು, ಹೇಗೆ ಮೊಳಕೆ ಬರಿಸಬೇಕು ಎಂಬುದರಲ್ಲಿ ಓದಿದ ಅಧಿಕಾರಿಗಳಿಗೂ ಅವರೇ ಮೇಷ್ಟ್ರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂತು. ಕೋವಿಡ್ ಕಾರಣದಿಂದ ತಡವಾಗಿ 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಪ್ರದಾನವಾಯಿತು. ಬರಿಗಾಲಲ್ಲಿ, ತಮ್ಮ ಮಣಿಸರದ ಉಡುಗೆಯಲ್ಲೇ ಹೋಗಿ ಪ್ರಶಸ್ತಿ ತೆಗೆದುಕೊಂಡ ಅವರ ಫೋಟೋ ದೇಶವೆಲ್ಲ ಓಡಾಡಿತು. ಎಲ್ಲರೂ ಬರಿಗಾಲನ್ನು ಕೊಂಡಾಡಿದರು. ಆ ಹೆಣ್ಣುಮಗಳು ದಶಕಗಳ ಕಾಲ ದಿನಗೂಲಿಯಾಗಿ ದುಡಿದರು, ಖಾಯಂ ನೌಕರಿ ಬಹಳ ತಡವಾಗಿ ಬಂತು ಎಂಬುದನ್ನು ಎಷ್ಟು ಜನ ಮಾತಾಡಿದರು? 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಎರಡು ತಿಂಗಳೊಳಗೆ ಸುಕ್ರಜ್ಜಿಯೂ ಹೋದರು.

ನಾನು ಕಲಿಸುತ್ತಿದ್ದ ವಿಷಯದ ಬಗ್ಗೆಯೂ ಒಂದು ಮಾತು ಹೇಳಬೇಕು. ಜಾನಪದ ಪುಸ್ತಕಗಳನ್ನು ತೆಗೆದು ನೋಡಿ. ಹೊದಿಕೆಯ ಮೇಲೆ ಸಂಗ್ರಹಿಸಿದವರ ಹೆಸರು ದೊಡ್ಡದಾಗಿ ಇರುತ್ತದೆ. ಹಾಡಿದ ಹೆಂಗಸಿನ ಹೆಸರು ಕೊನೆಯ ಪುಟದಲ್ಲಿ ವಕ್ತೃಗಳು ಎಂಬ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ ಇದ್ದರೆ ಅದೇ ದೊಡ್ಡದು. ಸಂಗ್ರಹಿಸಿದವರು ಬಿಸಿಲಲ್ಲಿ ಅಲೆದು ಒಳ್ಳೆಯ ಕೆಲಸ ಮಾಡಿದ್ದಾರೆ, ಅವರನ್ನು ನಾನು ಹಳಿಯುವುದಿಲ್ಲ. ಆದರೆ ಹೆಣ್ಣಿನ ದುಡಿಮೆಯ ಲೆಕ್ಕ ಯಾವಾಗಲೂ ಹೀಗೇ ಬರೆಯಲ್ಪಡುತ್ತದೆ. ಪಹಣಿಯಲ್ಲಿ ಹೆಸರು ಗಂಡನದು, ಗದ್ದೆಯಲ್ಲಿ ಸೊಂಟ ಬಗ್ಗಿಸುವವಳು ಹೆಂಡತಿ. ಸುಕ್ರಜ್ಜಿಯ ಹೆಸರು ಕೊನೆಯ ಪುಟದಿಂದ ಮೊದಲ ಪುಟಕ್ಕೆ ಬಂತಲ್ಲ, ಅದು ಸಣ್ಣ ಸಂಗತಿ ಅಲ್ಲ.

ಹಾಗಾದರೆ ಸನ್ಮಾನದಿಂದ ಉಪಯೋಗ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಪದಕ ಬಂದ ಮೇಲೆ ಕಚೇರಿಯಲ್ಲಿ ಕುರ್ಚಿ ಕೊಡುತ್ತಾರೆ. ಮೊದಲು ಬಾಗಿಲಲ್ಲಿ ನಿಲ್ಲಿಸುತ್ತಿದ್ದ ಅಧಿಕಾರಿ ಎದ್ದು ನಿಂತು ಮಾತಾಡಿಸುತ್ತಾನೆ. ಊರಲ್ಲಿ ಗಂಡಸರಿಗೆ ಎದುರು ಮಾತಾಡುವ ಹೆಂಗಸಿಗೆ ಏನೇನು ಹೆಸರು ಕಟ್ಟುತ್ತಾರೆ ಎಂಬುದು ನಿಮಗೆ ಗೊತ್ತು. ಬಜಾರಿ ಎನ್ನುತ್ತಾರೆ, ಸಂಸಾರ ಒಡೆಯುವವಳು ಎನ್ನುತ್ತಾರೆ. ಸಾರ್ವಜನಿಕ ಗೌರವ ಅಂಥವಳಿಗೆ ಒಂದು ರಕ್ಷಣೆ. ನಾಳೆ ಆಕೆಯ ಮೇಲೆ ಕೈ ಎತ್ತುವವನು ಹತ್ತು ಸಲ ಯೋಚಿಸುತ್ತಾನೆ. ಆಕೆಯನ್ನು ನೋಡಿ ಬೆಳೆಯುವ ಹುಡುಗಿಯರಿಗೆ ಹೋರಾಟ ಮಾಡಿದರೆ ಅವಮಾನವೇ ಗತಿ ಅಲ್ಲ ಎಂದು ತಿಳಿಯುತ್ತದೆ. ಸುಕ್ರಜ್ಜಿ ತಮಗೆ ಬಂದ ಪ್ರಶಸ್ತಿಯನ್ನು ಹೀಗೇ ಉಪಯೋಗಿಸಿಕೊಂಡರು. ವೇದಿಕೆ ಸಿಕ್ಕಾಗಲೆಲ್ಲ ಕುಡಿತದ ಮಾತು, ತಮ್ಮ ಜನಾಂಗದ ಮಾತು ಎತ್ತಿದರು. ವೇದಿಕೆಯವರು ಹಾಡಿಗೆ ಚಪ್ಪಾಳೆ ತಟ್ಟಿ ಮುಂದಿನ ಕಾರ್ಯಕ್ರಮಕ್ಕೆ ಹೋದದ್ದು ಅವರ ದೋಷವಲ್ಲ.

ಇನ್ನು ನಿಮ್ಮ ಒಕ್ಕೂಟ ಏನು ಮಾಡಬಹುದು ಎಂದು ನಾನು ಯೋಚಿಸಿರುವುದನ್ನು ಹೇಳುತ್ತೇನೆ. ಸರಿ ಕಂಡರೆ ತೆಗೆದುಕೊಳ್ಳಿ.

ಮೊದಲನೆಯದು, ಯಾರಿಗೆ ಸನ್ಮಾನ ಎಂದು ಆರಿಸುವಾಗ ಯಾರ ಹೆಸರು ಪತ್ರಿಕೆಯಲ್ಲಿ ಬಂದಿದೆ ಎಂದು ನೋಡಬೇಡಿ. ನಡುರಾತ್ರಿ ಏಟು ತಿಂದು ಹೊರಬಂದ ಹೆಂಗಸು ಯಾರ ಮನೆಯ ಬಾಗಿಲು ತಟ್ಟುತ್ತಾಳೆ ಎಂದು ನೋಡಿ. ಎಲ್ಲ ಊರಲ್ಲೂ ಅಂಥ ಒಂದು ಬಾಗಿಲು ಇರುತ್ತದೆ. ಹೆರಿಗೆ ಮಾಡಿಸುವ ಅಜ್ಜಿ ಇರಬಹುದು, ಅಂಗನವಾಡಿ ಕಾರ್ಯಕರ್ತೆ ಇರಬಹುದು, ಹಾಡಿಯ ಹಿರಿಯಳೊಬ್ಬಳು ಇರಬಹುದು.

ಎರಡನೆಯದು, ಆಕೆ ಬದುಕಿರುವಾಗಲೇ, ಕೈಕಾಲು ಗಟ್ಟಿ ಇರುವಾಗಲೇ ಮಾಡಿ. ಶಾಲಿನ ಜೊತೆಗೆ ಆಕೆಗೆ ಬರಬೇಕಾದ ವೃದ್ಧಾಪ್ಯ ವೇತನ, ಪಡಿತರ ಚೀಟಿ, ಮನೆ ಹಕ್ಕುಪತ್ರ ಸರಿಯಾಗಿ ಬರುತ್ತಿವೆಯೇ ಎಂದು ನೋಡಿ. ಬಾರದಿದ್ದರೆ ಅರ್ಜಿ ಬರೆದು ಕೊಡಿ. ನಿಮ್ಮಲ್ಲಿ ಲೆಕ್ಕ ಬರೆಯುವ ಹೆಣ್ಣುಮಕ್ಕಳು ಇದ್ದಾರೆ, ಅರ್ಜಿ ಬರೆಯುವುದೇನು ಕಷ್ಟ?

ಮೂರನೆಯದು ಬಹಳ ಮುಖ್ಯ. ಸನ್ಮಾನದ ದಿನ ಭಾಷಣ ನಾವು ಮಾಡುವುದು ಬೇಡ, ಆಕೆ ಮಾಡಲಿ. ನಿನಗೆ ಏನಾಗಬೇಕು ಎಂದು ಸಭೆಯ ಎದುರಿಗೆ ಕೇಳಿ. ಆಕೆ ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ. ಮುಂದಿನ ಗ್ರಾಮಸಭೆಯಲ್ಲಿ ಅದೇ ನಿಮ್ಮ ಒಕ್ಕೂಟದ ಬೇಡಿಕೆಯಾಗಲಿ. ಲೈಸೆನ್ಸ್ ಇಲ್ಲದ ಮದ್ಯ ಮಾರಾಟ ನಿಲ್ಲಬೇಕು ಎಂದು ಆಕೆ ಹೇಳಿದರೆ, ಯಾವ ಅಂಗಡಿ, ಯಾವ ಹೊತ್ತು ಎಂದು ವಿವರವಾಗಿ ಬರೆದು, ಎಲ್ಲರೂ ಸಹಿ ಹಾಕಿ ಅಬಕಾರಿ ಇಲಾಖೆಗೆ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಒಬ್ಬಳು ಹೋದರೆ ಗದರಿಸುತ್ತಾರೆ. ಇಪ್ಪತ್ತು ಜನ ಹೋದರೆ ಕೂರಿಸಿ ಮಾತಾಡುತ್ತಾರೆ.

ನಾಲ್ಕನೆಯದು, ಆಕೆಯ ಮನೆಯ ಬಾಗಿಲು ಒಂದೇ ಸಾಲದು. ಆಕೆಯ ಕೆಲಸದಲ್ಲಿ ನಾವೂ ಪಾಲು ತೆಗೆದುಕೊಳ್ಳಬೇಕು. ಅದಕ್ಕೆ ಕಾನೂನು ತಿಳಿದಿರಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆಯುವುದು ಮಾತ್ರವಲ್ಲ, ಬಯ್ದು ಹಂಗಿಸುವುದು, ಕೂಲಿ ಕಿತ್ತುಕೊಳ್ಳುವುದು, ಖರ್ಚಿಗೆ ಕೊಡದಿರುವುದು, ವರದಕ್ಷಿಣೆಗಾಗಿ ಕಾಡುವುದು ಎಲ್ಲವೂ ಅದರಲ್ಲಿ ದೌರ್ಜನ್ಯವೇ. ಮನೆ ಗಂಡನ ಹೆಸರಿನಲ್ಲಿ ಇದ್ದರೂ ಹೆಂಡತಿಯನ್ನು ಬೀದಿಗೆ ತಳ್ಳುವಂತಿಲ್ಲ. ಆಕೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕಿದೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಈ ಕಾಯ್ದೆಯ ಸಂರಕ್ಷಣಾಧಿಕಾರಿಗಳು. ಅಂಗನವಾಡಿಯಲ್ಲಿ ಕೇಳಿದರೆ ಅವರ ಕಚೇರಿ ಎಲ್ಲಿ ಎಂದು ಹೇಳುತ್ತಾರೆ. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181. ಈ ಎರಡು ಸಂಖ್ಯೆಗಳು ಪ್ರತಿ ಸದಸ್ಯೆಯ ಪಾಸ್‌ಬುಕ್ಕಿನ ಒಳಪುಟದಲ್ಲಿ ಇರಲಿ.

ಕೊನೆಯದಾಗಿ, ಆಕೆಯ ಹಾಡೋ, ಕತೆಯೋ, ಮದ್ದಿನ ತಿಳಿವಳಿಕೆಯೋ, ಆಕೆಯ ಹೆಸರಿನಲ್ಲೇ ಬರೆದಿಡಿ. ಯಾರು ಬಂದು ಧ್ವನಿಮುದ್ರಿಸಿಕೊಂಡರೂ ಹೆಸರು, ಊರು, ದಿನಾಂಕ ಬರೆಸಿಕೊಳ್ಳಿ. ಒಂದು ಪ್ರತಿ ಆಕೆಯ ಮನೆಗೆ ಬರಲಿ.

ಅಕ್ಕ ತಂಗಿಯರೇ, ಅಂಕೋಲಾ 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಸರಾದ ನೆಲ. ಕರ ಕೊಡುವುದಿಲ್ಲ ಎಂದು ಹೊಲ ಮನೆ ಕಳೆದುಕೊಂಡವರ ಊರು. ಅವರ ಹೆಸರುಗಳು ಚರಿತ್ರೆಯ ಪುಸ್ತಕದಲ್ಲಿ ಹೋರಾಟಗಾರರು ಎಂದೇ ದಾಖಲಾಗಿವೆ. ಅದೇ ನೆಲದಲ್ಲಿ ಸಾರಾಯಿ ವಿರುದ್ಧ ನಿಂತ ಹೆಂಗಸರನ್ನೂ ನಾವು ಹೋರಾಟಗಾರರು ಎಂದೇ ಕರೆಯಬೇಕು. ಸುಕ್ರಿ ಬೊಮ್ಮಗೌಡ ಒಳ್ಳೆಯ ಹಾಡುಗಾರ್ತಿ ಎಂದು ನಮ್ಮ ಮಕ್ಕಳಿಗೆ ಹೇಳೋಣ. ಅವರು ಕುಡಿತಕ್ಕೆ ಎದುರು ನಿಂತರು, ತಮ್ಮ ಜನಕ್ಕೆ ಹಕ್ಕು ಕೇಳಿದರು, ಎರಡೂ ಕೆಲಸ ಇನ್ನೂ ಬಾಕಿ ಇದೆ ಎಂಬುದನ್ನೂ ಸೇರಿಸಿ ಹೇಳೋಣ. ಬಾಕಿ ಸಾಲವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಕಂತು ಕಟ್ಟಿ ತೀರಿಸುವುದು ನಿಮಗೆ ಹೊಸದಲ್ಲ. ಇದನ್ನೂ ಹಾಗೆಯೇ ಬರೆದಿಟ್ಟುಕೊಳ್ಳಿ.

 ಇನ್ನು ಚರ್ಚೆ ನೀವು ಮಾಡಿ, ನಾನು ಕೇಳುತ್ತೇನೆ.